ಕಂಪ್ಯೂಟರ್ ಕೈಕೊಟ್ಟ ಮೇಲೆ ಹಾಡುಗಳನ್ನು ವಾಪಸ್ ತರುವುದು: ಮೊದಲ ಅರ್ಧ ಗಂಟೆಯಿಂದ ಕೊನೆಯ ಪ್ಲೇಲಿಸ್ಟ್‌ವರೆಗೆ

ಒಂದು ದಿನ ಬೆಳಗ್ಗೆ ನನ್ನ ಕಂಪ್ಯೂಟರ್ ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಒಳಗೆ 11 ವರ್ಷ ಕೂಡಿಟ್ಟ ಹಾಡುಗಳಿದ್ದವು. ಗಾಬರಿಯಲ್ಲಿ ಅರ್ಧ ಗಂಟೆಯೊಳಗೆ ನಾನು ಮೂರು ಕೆಲಸ ಮಾಡಿದೆ. ಹತ್ತು ಸಲ ಆಫ್ ಮಾಡಿ ಆನ್ ಮಾಡಿದೆ. ಡಿಸ್ಕ್ ಸರಿ ಮಾಡಲಾ ಅಂತ ಅದು ಕೇಳಿದ್ದಕ್ಕೆ ಹೂಂ ಅಂದೆ. ಅದೂ ಆಗದಿದ್ದಾಗ ಅದೇ ಡಿಸ್ಕ್ ಮೇಲೆ ವಿಂಡೋಸ್ ಹೊಸದಾಗಿ ಹಾಕಿದೆ. ಡಿಸ್ಕ್‌ಗೆ ಅಷ್ಟೇನೂ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನನಗೆ ಸಿಗದೇ ಹೋದ ಹಾಡುಗಳಲ್ಲಿ ಬಹುಪಾಲು ಆ ಅರ್ಧ ಗಂಟೆಯಲ್ಲಿ ನನ್ನ ಕೈಯಿಂದಲೇ ಹೋದವು.

ಹಾಗಾಗಿ ಈಗ ನಿಮ್ಮ ಕಂಪ್ಯೂಟರ್ ಕೆಟ್ಟಿದ್ದರೆ ಮೊದಲು ಪ್ಲಗ್ ಕಿತ್ತಿಡಿ. ಹಾಡುಗಳು ಎಲ್ಲೂ ಓಡಿಹೋಗುವುದಿಲ್ಲ. ಪೂರ್ತಿ ಓದಿ, ಆಮೇಲೆ ಕೈ ಹಾಕಿ.

ಕೆಟ್ಟಿದ್ದು ಯಾವುದು?

ಕಂಪ್ಯೂಟರ್ ಹೋಯಿತು ಅಂದ ಮಾತ್ರಕ್ಕೆ ಡಿಸ್ಕ್ ಹೋಯಿತು ಅಂತಲ್ಲ. ಬಟನ್ ಒತ್ತಿದರೆ ಲೈಟೂ ಇಲ್ಲ, ಫ್ಯಾನೂ ತಿರುಗುವುದಿಲ್ಲ ಅಂದರೆ ಸಾಮಾನ್ಯವಾಗಿ ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್ ಸಮಸ್ಯೆ. ಇದು ಒಳ್ಳೆಯ ಸುದ್ದಿ. ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೆ ಹಾಡುಗಳು ಇದ್ದ ಹಾಗೇ ಸಿಗುವ ಸಾಧ್ಯತೆ ಜಾಸ್ತಿ. ಕಂಪನಿಯ ಲೋಗೋ ಬಂದು, ಆಮೇಲೆ ವಿಂಡೋಸ್ ಏಳುತ್ತಿಲ್ಲ ಅಂದರೆ ವಿಂಡೋಸ್ ಕೆಟ್ಟಿರಬಹುದು, ಡಿಸ್ಕ್ ಕೆಡಲು ಶುರುವಾಗಿಯೂ ಇರಬಹುದು. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಡಿಸ್ಕಿನ ಹೆಸರೇ ಕಾಣಿಸುತ್ತಿಲ್ಲ ಅಂದರೆ ಕೇಬಲ್ ಸಡಿಲವಾಗಿಲ್ಲವಾ ನೋಡಿ. ಅದೂ ಸರಿಯಿದ್ದರೆ ಡಿಸ್ಕ್ ಮೇಲೇ ಅನುಮಾನ.

ತಿರುಗುವ ಹಾರ್ಡ್ ಡಿಸ್ಕ್ ಆದರೆ ಕಿವಿಗೊಟ್ಟು ಕೇಳಿ. ಟಿಕ್... ಟಿಕ್... ಟಿಕ್ ಅಂತ ಒಂದೇ ಲಯದಲ್ಲಿ ಬಡಿಯುತ್ತಿದೆಯಾ? ಒಳಗೆ ಓದುವ ಹೆಡ್ ತನ್ನ ಜಾಗ ಹುಡುಕಿ, ಸಿಗದೆ ಮತ್ತೆ ಮತ್ತೆ ಹಿಂದೆ ಬರುತ್ತಿದೆ ಅಂತ ಅರ್ಥ. ತಕ್ಷಣ ಆಫ್ ಮಾಡಿ. ಹೆಡ್ ತಟ್ಟೆಯ ಮೇಲೆ ತೇಲುವುದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ. ಅದಕ್ಕೆ ಹೋಲಿಸಿದರೆ ಒಂದು ಧೂಳಿನ ಕಣ ಅಂದರೆ ಬೆಟ್ಟ. ಆದ್ದರಿಂದ ಮುಚ್ಚಳ ತೆಗೆದು ನೋಡುವ ಸಾಹಸ ಬೇಡವೇ ಬೇಡ. ಫ್ರೀಜರ್‌ನಲ್ಲಿ ಇಟ್ಟರೆ ಸರಿಹೋಗುತ್ತದೆ ಅನ್ನುವ ಹಳೇ ಮಾತನ್ನೂ ನಂಬಬೇಡಿ, ಹೊರಗೆ ತೆಗೆದಾಗ ಒಳಗೆ ನೀರು ಹನಿಗಟ್ಟುತ್ತದೆ ಅಷ್ಟೇ. ಟಿಕ್ ಟಿಕ್ ಡಿಸ್ಕ್ ಕ್ಲೀನ್ ರೂಮ್, ಅಂದರೆ ಧೂಳಿಲ್ಲದ ಕೋಣೆ, ಇರುವ ಲ್ಯಾಬ್‌ಗೆ ಹೋಗಬೇಕು, ಅದಕ್ಕೆ ಖರ್ಚು ಚೆನ್ನಾಗಿಯೇ ಬೀಳುತ್ತದೆ. ಕೊಡಬೇಕಾ ಬೇಡವಾ ಅನ್ನುವುದು ಒಳಗೆ ಏನಿದೆ ಅನ್ನುವುದರ ಮೇಲೆ ನಿಂತಿದೆ. ಎಲ್ಲಾ ಮತ್ತೆ ಸಿಗುವ ಹಾಡುಗಳಾದರೆ ನಾನಂತೂ ಕೊಡುವುದಿಲ್ಲ.

ತಿರುಗುವ ಭಾಗವಿಲ್ಲದ, ಚಿಪ್‌ನಲ್ಲೇ ಬರೆದಿಡುವ ಎಸ್‌ಎಸ್‌ಡಿ ಮಾತ್ರ ಸದ್ದಿಲ್ಲದೆ ಹೋಗುತ್ತದೆ. ನಿನ್ನೆ ಇತ್ತು, ಇವತ್ತು ಇಲ್ಲ. ಅದರಲ್ಲಿ ಇನ್ನೊಂದು ತಂಟೆ ಟ್ರಿಮ್ ಅನ್ನುವುದು. ನೀವು ಡಿಲೀಟ್ ಮಾಡಿದ ಅಥವಾ ಫಾರ್ಮ್ಯಾಟ್ ಮಾಡಿದ ಜಾಗವನ್ನು ಎಸ್‌ಎಸ್‌ಡಿ ತಾನಾಗಿಯೇ ಒಳಗೊಳಗೇ ಒರೆಸಿಬಿಡುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ತಿಂಗಳ ನಂತರವೂ ಸಿಗುವ ಫೈಲ್ ಇಲ್ಲಿ ಹತ್ತು ನಿಮಿಷಕ್ಕೇ ಹೋಗಿರಬಹುದು. ತಪ್ಪಿ ಫಾರ್ಮ್ಯಾಟ್ ಆಗಿದ್ದರೆ ಕರೆಂಟ್ ಕೊಡದೆ ಇಡುವುದೊಂದೇ ನಿಮ್ಮ ಕೈಲಿರುವುದು.

ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕುವುದು

ಎರಡು ವಸ್ತು ಬೇಕು. ಒಂದು, ಡಿಸ್ಕನ್ನು ಯುಎಸ್‌ಬಿಗೆ ಸೇರಿಸುವ ಅಡಾಪ್ಟರ್ ಅಥವಾ ಎನ್‌ಕ್ಲೋಷರ್ (ಡಿಸ್ಕ್ ಕೂರುವ ಡಬ್ಬಿ). ಇನ್ನೊಂದು, ಹಳೆಯದಕ್ಕಿಂತ ದೊಡ್ಡದಾದ ಖಾಲಿ ಡಿಸ್ಕ್. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕ್ ಯುಎಸ್‌ಬಿಯ ಕರೆಂಟಿನಲ್ಲೇ ಓಡುತ್ತದೆ. ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 12 ವೋಲ್ಟ್ ಬೇಕು, ಹಾಗಾಗಿ ಬೇರೆ ಪವರ್ ವಯರ್ ಇರುವ ಅಡಾಪ್ಟರನ್ನೇ ತನ್ನಿ. ಚೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎಂ.2 ಎಸ್‌ಎಸ್‌ಡಿಯಲ್ಲಿ ಎರಡು ಜಾತಿ, ಸಾಟಾ ಮತ್ತು ಎನ್‌ವಿಎಂಇ. ನೋಡಲು ಒಂದೇ ಥರ. ಒಂದಕ್ಕೆ ಮಾತ್ರ ಅಂತ ಇರುವ ಎನ್‌ಕ್ಲೋಷರ್ ಇನ್ನೊಂದಕ್ಕೆ ಆಗುವುದಿಲ್ಲ. ಲೇಬಲ್ ಓದಿ ಕೊಂಡುಕೊಳ್ಳಿ. ಬಿಚ್ಚುವ ಮೊದಲು ಚಾರ್ಜರ್ ತೆಗೆಯಿರಿ, ಬ್ಯಾಟರಿ ಬಿಡಿಸಿ, ಯಾವುದಾದರೂ ಲೋಹ ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಇಳಿಸಿಕೊಳ್ಳಿ.

ಎಲ್ಲದರಲ್ಲೂ ಬಿಚ್ಚಲು ಬರುವುದಿಲ್ಲ. ಆಪಲ್‌ನ ಟಿ2 ಭದ್ರತಾ ಚಿಪ್ ಇರುವ ಮ್ಯಾಕ್‌ಗಳಲ್ಲಿ, ಆಪಲ್ ಸಿಲಿಕಾನ್ (ಎಂ1 ಮತ್ತು ಮುಂದಿನ ಚಿಪ್) ಮ್ಯಾಕ್‌ಗಳಲ್ಲಿ ಸ್ಟೋರೇಜ್ ಆ ಚಿಪ್‌ಗೇ ಬೀಗ ಹಾಕಿಕೊಂಡಿರುತ್ತದೆ. ಬಿಚ್ಚಿ ಬೇರೆ ಕಡೆ ಹಾಕಿದರೆ ಏನೂ ಸಿಗದು, ಅದೇ ಯಂತ್ರವನ್ನು ಹೇಗಾದರೂ ಎಬ್ಬಿಸಬೇಕು. ವಿಂಡೋಸ್‌ನಲ್ಲೂ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಆನ್ ಆಗಿದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಫೋನಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ನೋಡಿ, ಸಾಮಾನ್ಯವಾಗಿ ಅಲ್ಲಿ ಸೇವ್ ಆಗಿರುತ್ತದೆ.

ಚುಚ್ಚಿದ ಕೂಡಲೇ ವಿಂಡೋಸ್ ಎರಡರಲ್ಲಿ ಒಂದು ಕೇಳಬಹುದು. ಒಂದು, "ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು". ಇನ್ನೊಂದು, "ಸ್ಕ್ಯಾನ್ ಮಾಡಿ ಸರಿಪಡಿಸಲೇ?" ಎರಡಕ್ಕೂ ಬೇಡ ಅನ್ನಿ. ಸರಿಪಡಿಸುವ ಚೆಕ್‌ಡಿಸ್ಕ್‌ಗೆ ಬೇಕಿರುವುದು ಡಿಸ್ಕಿನ ಲೆಕ್ಕದ ಪುಸ್ತಕ ಸರಿಯಾಗುವುದು, ನಿಮ್ಮ ಹಾಡು ಉಳಿಯುವುದಲ್ಲ. ಲೆಕ್ಕಕ್ಕೆ ಸಿಗದ ಫೈಲುಗಳನ್ನು ಅದು ತುಂಡು ತುಂಡಾಗಿ, ಹೆಸರು ಕಿತ್ತು ಒಂದು ಫೋಲ್ಡರಿಗೆ ಸುರಿಯುತ್ತದೆ. ನನ್ನ ಎರಡನೇ ತಪ್ಪು ಇದೇ.

ಡಿಸ್ಕ್ ತೆರೆದುಕೊಂಡರೆ ಕಾಪಿ ಮಾಡಿ. ಆದರೆ ಎಲ್ಲವನ್ನೂ ಆಯ್ದು ಒಟ್ಟಿಗೆ ಎಳೆದು ಹಾಕಬೇಡಿ. ಡಿಸ್ಕ್ ಯಾವಾಗ ಉಸಿರು ಬಿಡುತ್ತದೋ ಗೊತ್ತಿಲ್ಲ ಅಂದುಕೊಂಡು ಸರದಿ ಹಾಕಿ. ಮೊದಲು ನಿಮ್ಮದೇ ರೆಕಾರ್ಡಿಂಗ್‌ಗಳು, ಕ್ಯಾಸೆಟ್‌ನಿಂದ ಇಳಿಸಿಕೊಂಡದ್ದು, ಇಡೀ ಲೋಕದಲ್ಲಿ ಬೇರೆ ಎಲ್ಲೂ ಇಲ್ಲದ್ದು. ಎರಡನೆಯದು ಪ್ಲೇಲಿಸ್ಟ್‌ಗಳು ಮತ್ತು ಐಟ್ಯೂನ್ಸ್‌ನಂಥ ಪ್ಲೇಯರಿನ ಲೈಬ್ರರಿ ಫೈಲ್. ಇವು ಕೆಲವೇ ಎಂಬಿ ಇರುತ್ತವೆ, ಆದರೆ ವರ್ಷಗಳ ಲೆಕ್ಕ ಅದರಲ್ಲಿದೆ. ಮೂರನೆಯದು ಈಗ ಮಾರಾಟದಲ್ಲಿಲ್ಲದ ಆಲ್ಬಮ್‌ಗಳು. ಎಲ್ಲಿ ಬೇಕಾದರೂ ಸಿಗುವ ಹಾಡುಗಳು ಕೊನೆಗೆ.

ಹಳೆಯ ಬಳಕೆದಾರರ ಫೋಲ್ಡರ್ ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನಬಹುದು. ಕಂಟಿನ್ಯೂ ಒತ್ತಿದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ, ಆದರೆ ಹಾಗೆ ಮಾಡುವಾಗ ವಿಂಡೋಸ್ ಆ ಡಿಸ್ಕ್ ಮೇಲೆ ಬರೆಯುತ್ತದೆ. ಅದಕ್ಕೇ ನನಗೆ ಲಿನಕ್ಸ್ ದಾರಿ ಇಷ್ಟ. ವಿಂಡೋಸ್ ಬದಲಿಗೆ ಓಡುವ ಉಚಿತ ಲಿನಕ್ಸ್ ಆದ ಉಬುಂಟುವನ್ನು ಪೆನ್ ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಟ್ರೈ ಅನ್ನುವುದನ್ನು ಆರಿಸಿ. ವಿಂಡೋಸ್‌ನ ಅನುಮತಿಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೆಯ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಿರದಿದ್ದರೆ ಓದಲು ಮಾತ್ರ ಬಿಡುತ್ತೇನೆ ಅನ್ನಬಹುದು. ನಮಗೆ ಬೇಕಾಗಿರುವುದೂ ಅಷ್ಟೇ ಅಲ್ವಾ?

ವಿಂಡೋಸ್‌ನ ಕಾಪಿ ಕಮಾಂಡ್ ಆದ ರೋಬೋಕಾಪಿ ಗೊತ್ತಿರುವವರಿಗೆ ಒಂದು ಮಾತು. ಓದಲಾಗದ ಫೈಲ್ ಸಿಕ್ಕರೆ ಅದು ತಾನಾಗಿ 10 ಲಕ್ಷ ಸಲ ಮತ್ತೆ ಪ್ರಯತ್ನಿಸುತ್ತದೆ, ಪ್ರತಿ ಸಲದ ನಡುವೆ 30 ಸೆಕೆಂಡ್ ಕಾಯುತ್ತದೆ. ಲೆಕ್ಕ ಹಾಕಿ, ಒಂದು ಹಾಳಾದ ಹಾಡಿಗೆ ಸುಮಾರು 347 ದಿನ. ಆ ಎರಡು ಸಂಖ್ಯೆಗಳನ್ನೂ 1 ಅಂತ ಬದಲಾಯಿಸಿಕೊಂಡು ಓಡಿಸಿ.

ಡಿಸ್ಕ್ ತೊದಲುತ್ತಿದ್ದರೆ

ಕಾಪಿ ಮಧ್ಯದಲ್ಲಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ಒಂದು ಹಾಡಿಗೆ ಐದು ನಿಮಿಷ ತೆಗೆದುಕೊಳ್ಳುತ್ತದೆ. ಹೀಗಾದರೆ ನಿಲ್ಲಿಸಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಅಂಕಿಗಳನ್ನು ನೋಡಿ. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಕೊಟ್ಟ ಜಾಗ) ಮತ್ತು ಪೆಂಡಿಂಗ್ ಸೆಕ್ಟರ್ (ಓದಲು ಕಷ್ಟವಾಗುತ್ತಿರುವ ಜಾಗ) ಅನ್ನುವ ಎರಡು ಸಾಲು ಮುಖ್ಯ. ಪೆಂಡಿಂಗ್ ಅಂಕಿ ಬೆಳೆಯುತ್ತಾ ಹೋದರೆ ಫೈಲ್ ಫೈಲ್ ಆಗಿ ಕಾಪಿ ಮಾಡುವ ಕಾಲ ಮುಗಿಯಿತು. ಇಡೀ ಡಿಸ್ಕಿನ ಪಡಿಯಚ್ಚು, ಅಂದರೆ ಇಮೇಜ್, ತೆಗೆಯಬೇಕು.

ಇದಕ್ಕೆ ಗ್ನೂ ಡಿಡಿರೆಸ್ಕ್ಯೂಗಿಂತ ಒಳ್ಳೆಯ ಉಚಿತ ಸಾಧನ ನಾನು ಕಂಡಿಲ್ಲ. ಅದರ ಜಾಣತನ ಇಷ್ಟೇ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಕೂತು ಗುದ್ದಾಡುವುದಿಲ್ಲ. ದಾಟಿಕೊಂಡು ಮುಂದೆ ಹೋಗಿ ಮೊದಲು ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಆಮೇಲೆ ಬಿಟ್ಟ ಜಾಗಗಳಿಗೆ ವಾಪಸ್ ಬರುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಕರೆಂಟ್ ಹೋದರೂ, ಡಿಸ್ಕ್ ಬಿಸಿಯಾಯಿತು ಅಂತ ನೀವೇ ನಿಲ್ಲಿಸಿದರೂ, ಅದೇ ಮ್ಯಾಪ್ ಫೈಲ್ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮ್ಯಾಪ್ ಫೈಲ್ ಇಲ್ಲದೆ ಓಡಿಸಬೇಡಿ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಕೆರೆಯುವುದು ಬೇಡ ಅನ್ನುವ ಆಯ್ಕೆ ಕೊಡಿ, ಎರಡನೇ ಸುತ್ತಿನಲ್ಲಿ ಮೂರು ಸಲ ಪ್ರಯತ್ನಿಸು ಅನ್ನಿ.

ಕಮಾಂಡ್‌ನಲ್ಲಿ ಮೊದಲು ಬರುವುದು ಕೆಟ್ಟ ಡಿಸ್ಕ್, ಆಮೇಲೆ ಬರೆಯಬೇಕಾದ ಜಾಗ. ಇದು ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಹಾಡುಗಳ ಮೇಲೆ ಸವಾರಿ ಮಾಡುತ್ತದೆ. ನಾನು ಎಂಟರ್ ಒತ್ತುವ ಮೊದಲು ಎರಡೂ ಡಿಸ್ಕಿನ ಮಾಡೆಲ್ ನಂಬರ್ ಮತ್ತು ಗಾತ್ರವನ್ನು ಕಾಗದದ ಮೇಲೆ ಬರೆದು, ಪರದೆಯ ಜೊತೆ ಬೆರಳಿಟ್ಟು ಹೋಲಿಸುತ್ತೇನೆ. ಅತಿ ಅನ್ನಿಸಬಹುದು, ಅನ್ನಿಸಲಿ.

ಆರೋಗ್ಯವಾಗಿರುವ 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ತೊದಲುವ ಡಿಸ್ಕ್ ದಿನಗಟ್ಟಲೆ ತೆಗೆದುಕೊಳ್ಳಬಹುದು. ಇಮೇಜ್ ಬಂದ ಮೇಲೆ ಹಳೆಯ ಡಿಸ್ಕನ್ನು ಮುಟ್ಟಬೇಡಿ, ಮುಂದಿನ ಕೆಲಸವೆಲ್ಲ ಇಮೇಜ್ ಮೇಲೆ.

ಫಾರ್ಮ್ಯಾಟ್ ಆಗಿದ್ದರೆ, ಮೇಲೆ ವಿಂಡೋಸ್ ಹಾಕಿದ್ದರೆ

ಮೊದಲು ಟೆಸ್ಟ್‌ಡಿಸ್ಕ್ ಅನ್ನುವ ಸಾಫ್ಟ್‌ವೇರ್ ಪ್ರಯತ್ನಿಸಿ. ಹಳೆಯ ಪಾರ್ಟಿಷನ್, ಅಂದರೆ ಡಿಸ್ಕಿನ ಹಳೆಯ ವಿಂಗಡಣೆ, ಸಿಕ್ಕರೆ ಫೋಲ್ಡರ್, ಹೆಸರು ಸಮೇತ ಹಾಡುಗಳು ಬರುತ್ತವೆ. ಸಿಗದಿದ್ದರೆ ಅದರ ಜೊತೆಗೇ ಬರುವ ಫೋಟೋರೆಕ್. ಹೆಸರು ಫೋಟೋ ಅಂತ ಇದ್ದರೂ ಎಂಪಿ3, ಫ್ಲ್ಯಾಕ್, ಎಂ4ಎ, ವೇವ್ ಅನ್ನುವ ಹಾಡಿನ ಫೈಲ್ ಬಗೆಗಳೆಲ್ಲವನ್ನೂ ಹೆಕ್ಕುತ್ತದೆ. ಫೈಲಿನ ಹೆಸರು ಎಲ್ಲಿ ಬರೆದಿದೆ ಅಂತ ಅದು ನೋಡುವುದೇ ಇಲ್ಲ. ಡಿಸ್ಕಿನ ಉದ್ದಕ್ಕೂ ನಡೆದು, ಇದು ಹಾಡಿನ ತಲೆ ಇದ್ದ ಹಾಗಿದೆ ಅನ್ನಿಸಿದ ಕಡೆ ಎತ್ತಿಕೊಳ್ಳುತ್ತದೆ. ಹಾಗಾಗಿ ಸಿಗುವುದೆಲ್ಲ ಅನಾಮಧೇಯ, ಒಂದು ಅಕ್ಷರ, ಅದರ ಹಿಂದೆ ಉದ್ದದ ಸಂಖ್ಯೆ. ಆಯ್ಕೆಯಲ್ಲಿ ಆಡಿಯೋ ಬಗೆಗಳನ್ನು ಮಾತ್ರ ಟಿಕ್ ಮಾಡಿ, ಇಲ್ಲದಿದ್ದರೆ ಸಾವಿರಾರು ಐಕಾನ್‌ಗಳ ರಾಶಿಯಲ್ಲಿ ಹಾಡು ಹುಡುಕಬೇಕಾಗುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಬರೆಯಿಸಿ.

ಎಲ್ಲಾ ಫೈಲುಗಳೂ ಒಂದೇ ಥರ ಬದುಕುವುದಿಲ್ಲ. ಎಂಪಿ3 ಅನ್ನುವುದು ಸಣ್ಣ ಸಣ್ಣ ಫ್ರೇಮ್‌ಗಳ ಸರಪಳಿ. ಸಿಡಿ ಗುಣಮಟ್ಟದಲ್ಲಿ ಒಂದೊಂದು ಫ್ರೇಮ್ ಸುಮಾರು 26 ಮಿಲಿಸೆಕೆಂಡ್, ಪ್ರತಿಯೊಂದಕ್ಕೂ ತನ್ನದೇ ತಲೆ. ಅರ್ಧ ಹಾಳಾದರೂ ಉಳಿದರ್ಧ ಹಾಡುತ್ತದೆ. ಎಂ4ಎ ಹಾಗಲ್ಲ. ಅದರ ಸೂಚಿ ಒಂದೇ ಕಡೆ ಇರುತ್ತದೆ, ಆ ತುಂಡು ಹೋದರೆ ಇಡೀ ಫೈಲ್ ತೆರೆಯುವುದೇ ಇಲ್ಲ. ಡಿಸ್ಕ್ ಮೇಲೆ ಹರಿದು ಹಂಚಿಹೋಗಿದ್ದ ಫೈಲಾದರೆ ಒಂದು ಹಾಡಿನ ಮಧ್ಯೆ ಇನ್ನೊಂದು ಹಾಡು ನುಗ್ಗುತ್ತದೆ. ಭಾವಗೀತೆಯ ಎರಡನೇ ಚರಣದಲ್ಲಿ ದಿಢೀರ್ ಡ್ರಮ್ಸ್ ಶುರುವಾದಾಗ ನಾನು ನಕ್ಕಿದ್ದೂ ಇದೆ.

ಹೆಸರಿಲ್ಲದ ರಾಶಿಗೆ ಹೆಸರಿಡುವುದು

ಹಾಡು ವಾಪಸ್ ತರುವುದಕ್ಕೆ ನನಗೆ ನಾಲ್ಕು ದಿನ ಹಿಡಿಯಿತು. ಹೆಸರಿಡಲು ಎರಡು ತಿಂಗಳು. ನಿಜವಾದ ಕೆಲಸ ಇಲ್ಲಿದೆ.

ಮೊದಲು ರಾಶಿಯ ಒಂದು ಪ್ರತಿಯನ್ನು ಹಾಗೇ ಎತ್ತಿಡಿ. ಇನ್ನೊಂದರ ಮೇಲೆ ಕೆಲಸ ಮಾಡಿ.

ಹೆಸರು ಹೋದರೂ ಟ್ಯಾಗ್, ಅಂದರೆ ಹಾಡು, ಕಲಾವಿದರ ಹೆಸರಿನಂಥ ವಿವರ, ಹಾಡಿನೊಳಗೇ ಇರುತ್ತದೆ. ಎಂಪಿ3ಯ ಟ್ಯಾಗಿಗೆ ಐಡಿ3 ಅಂತ ಹೆಸರು, ಅದರ ಹಳೆಯ ಆವೃತ್ತಿ 1 ಅಂದರೆ ಫೈಲಿನ ಕಟ್ಟಕಡೆಯ 128 ಬೈಟ್. ಅದರಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ, ಕನ್ನಡ ಅಕ್ಷರಕ್ಕೆ ಅದರಲ್ಲಿ ಜಾಗವೇ ಇಲ್ಲ, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸಿದರೆ ಅದೇ ಕಾರಣ. ಆವೃತ್ತಿ 2 ಸಾಮಾನ್ಯವಾಗಿ ಫೈಲಿನ ತಲೆಯಲ್ಲಿರುತ್ತದೆ, ಯೂನಿಕೋಡನ್ನು, ಅಂದರೆ ಕನ್ನಡ ಅಕ್ಷರವನ್ನೂ, ಒಪ್ಪುತ್ತದೆ. ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರಿನಲ್ಲಿ ಎಲ್ಲಾ ಫೈಲ್ ಆಯ್ದು, ಟ್ಯಾಗ್‌ನಿಂದ ಫೈಲ್ ಹೆಸರು ಅನ್ನುವ ಆಯ್ಕೆ ಕೊಟ್ಟು, ಕಲಾವಿದರು, ಆಲ್ಬಮ್, ಟ್ರ್ಯಾಕ್ ಸಂಖ್ಯೆ, ಹಾಡು ಅನ್ನುವ ಕ್ರಮ ಬರೆದರೆ ಒಂದೇ ಏಟಿಗೆ ಫೋಲ್ಡರ್‌ಗಳಾಗಿ ಹಂಚಿಹೋಗುತ್ತವೆ. ನನ್ನ ರಾಶಿಯಲ್ಲಿ ಮುಕ್ಕಾಲು ಪಾಲು ಹೀಗೇ ಬಗೆಹರಿಯಿತು. ಟ್ಯಾಗ್ ಹಾಕುವಾಗ ಸೋಮಾರಿತನ ಮಾಡಿದ್ದ ಕಾಲು ಪಾಲು ಉಳಿಯಿತು.

ಅದಕ್ಕೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಅನ್ನುವ ಸಾಫ್ಟ್‌ವೇರ್. ಇದು ಹಾಡಿನ ಧ್ವನಿಯಿಂದಲೇ ಬೆರಳಚ್ಚಿನ ಹಾಗೊಂದು ಗುರುತು ತೆಗೆದು, ಅಕೌಸ್ಟ್‌ಐಡಿ ಸಂಗ್ರಹದಲ್ಲಿ ಹುಡುಕುತ್ತದೆ. ಸ್ವಲ್ಪವಾದರೂ ಟ್ಯಾಗ್ ಇದ್ದರೆ ಲುಕಪ್, ಏನೂ ಇಲ್ಲದಿದ್ದರೆ ಸ್ಕ್ಯಾನ್ ಒತ್ತಿ. ಹತ್ತು ಸಾವಿರ ಫೈಲ್ ಒಮ್ಮೆಗೇ ಸುರಿಯಬೇಡಿ, 200ರ ಹಾಗೆ ಕೊಡಿ. ಕಣ್ಣು ಮುಚ್ಚಿಕೊಂಡು ಸೇವ್ ಒತ್ತುವುದೂ ಬೇಡ. ಮೂಲ ಆಲ್ಬಮ್ಮಿನ ಹಾಡನ್ನು ಯಾವುದೋ ಆಯ್ದ ಹಾಡುಗಳ ಸಂಗ್ರಹಕ್ಕೆ ಸೇರಿಸುವುದು, ಒಂದು ಆಲ್ಬಮ್ಮನ್ನು ಐದು ಕಡೆ ಚೆಲ್ಲುವುದು ಅದಕ್ಕೆ ಅಭ್ಯಾಸ.

ಚಿಕ್ಕ ಫೈಲುಗಳನ್ನೆಲ್ಲ ವಿಂಡೋಸ್‌ನ ಟಿಂಗ್ ಟಾಂಗ್ ಸದ್ದುಗಳು ಅಂದುಕೊಂಡು ಅಳಿಸಲು ಹೊರಟಿದ್ದೆ. ಸುಮ್ನೆ ಒಂದನ್ನು ಒತ್ತಿ ನೋಡಿದೆ. ಕುರ್ಚಿ ಎಳೆದ ಸದ್ದು. ಒಂದು ಕೆಮ್ಮು. ಅಪ್ಪ ಎರಡು ಸಾಲು ಹಾಡಿ ನಿಲ್ಲಿಸುತ್ತಾರೆ, ಆಮೇಲೆ "ಆನ್ ಆಗಿದ್ಯೇನೋ ಇದು?" ಅಂತಾರೆ. 22 ಸೆಕೆಂಡ್. ಯಾವ ಸಂಗ್ರಹದಲ್ಲೂ ಇದರ ಬೆರಳಚ್ಚು ಇಲ್ಲ. ಚಿಕ್ಕ ಫೈಲುಗಳನ್ನು ಕಿವಿಯಿಂದಲೇ ಕೇಳಿ ಅಳಿಸಿ, ಗಾತ್ರ ನೋಡಿ ಅಳಿಸಬೇಡಿ.

ಡಿಸ್ಕಿನ ಹೊರಗೂ ಹಾಡುಗಳಿವೆ

ಕಾರಿನ ಪೆನ್ ಡ್ರೈವ್, ಹಳೆಯ ಫೋನಿನ ಮೆಮೊರಿ ಕಾರ್ಡ್, ಗೆಳೆಯರಿಗೆ ಕೊಟ್ಟ ಡಿಸ್ಕ್ ಎಲ್ಲ ಜಾಲಾಡಿ. ಹಳೆಯ ಐಪಾಡ್ ಇದ್ದರೆ (ಐಪಾಡ್ ಟಚ್ ಬಿಟ್ಟು) ಅದೇ ನಿಮ್ಮ ಬ್ಯಾಕಪ್. ಆದರೆ ಹೊಸ ಕಂಪ್ಯೂಟರಿಗೆ ಚುಚ್ಚಿದಾಗ ಐಟ್ಯೂನ್ಸ್ ಅಳಿಸಿ ಸಿಂಕ್ ಮಾಡಲಾ ಅಂತ ಕೇಳುತ್ತದೆ, ಕ್ಯಾನ್ಸಲ್ ಒತ್ತಿ. ಅಡಗಿಸಿಟ್ಟ ಫೋಲ್ಡರ್‌ಗಳನ್ನು ತೋರಿಸು ಅಂತ ವಿಂಡೋಸ್‌ಗೆ ಹೇಳಿದರೆ ಐಪಾಡ್ ಕಂಟ್ರೋಲ್ ಅನ್ನುವ ಫೋಲ್ಡರ್ ಕಾಣುತ್ತದೆ. ಅದರೊಳಗಿನ ಮ್ಯೂಸಿಕ್‌ನಲ್ಲಿ ನಾಲ್ಕು ಅಕ್ಷರದ ಅರ್ಥವಿಲ್ಲದ ಹೆಸರುಗಳಲ್ಲಿ ಎಲ್ಲಾ ಹಾಡೂ ಇವೆ. ಟ್ಯಾಗ್ ಹಾಗೇ ಇರುತ್ತದೆ, ಕಾಪಿ ಮಾಡಿ ಎಂಪಿ3ಟ್ಯಾಗ್‌ಗೆ ಕೊಟ್ಟರಾಯಿತು.

ಬ್ಯಾಂಡ್‌ಕ್ಯಾಂಪ್, ಐಟ್ಯೂನ್ಸ್‌ನಲ್ಲಿ ಕೊಂಡಿದ್ದನ್ನು ಸಾಮಾನ್ಯವಾಗಿ ಖಾತೆಯಿಂದ ಮತ್ತೆ ಇಳಿಸಿಕೊಳ್ಳಬಹುದು. ಚಂದಾ ಕಟ್ಟಿ ಕೇಳುವ ಆ್ಯಪ್‌ಗಳಲ್ಲಿ ಆಫ್‌ಲೈನ್ ಇಳಿಸಿದ್ದನ್ನು ಹುಡುಕುವುದು ದಂಡ, ಅವಕ್ಕೆ ಬೀಗ ಇರುತ್ತದೆ. ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ಕಾಪಿ ರಕ್ಷಣೆ ಆನ್ ಇಟ್ಟು ಸಿಡಿಯಿಂದ ಇಳಿಸಿದ ಡಬ್ಲ್ಯೂಎಂಎ ಫೈಲುಗಳ ಕಥೆಯೂ ಅದೇ. ಫೈಲ್ ಸಿಕ್ಕರೂ ಅದರ ಲೈಸೆನ್ಸ್ ಹಳೆಯ ವಿಂಡೋಸ್ ಜೊತೆ ಹೋಗಿರುತ್ತದೆ. ಮೂಲ ಸಿಡಿ ಇದ್ದರೆ ಒದ್ದಾಡದೆ ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ಮತ್ತೆ ಇಳಿಸಿ, ಈ ಸಲ ಗುಣಮಟ್ಟ ಕಳೆಯದ ಫ್ಲ್ಯಾಕ್‌ಗೆ.

ಫ್ಲ್ಯಾಕ್ ಫೈಲಿನೊಳಗೆ ಮೂಲ ಧ್ವನಿಯಿಂದ ಲೆಕ್ಕ ಹಾಕಿದ ಎಂಡಿ5 ಅನ್ನುವ ಗುರುತಿನ ಸಂಖ್ಯೆ ಇರುತ್ತದೆ, ಟೆಸ್ಟ್ ಕೊಟ್ಟರೆ ಹಾಳಾಗಿದೆಯೋ ಇಲ್ಲವೋ ಖಚಿತವಾಗಿ ಹೇಳುತ್ತದೆ. ಎಂಪಿ3ಯಲ್ಲಿ ಇಡೀ ಹಾಡಿಗೆ ಅಂಥ ಗುರುತಿಲ್ಲ. ಫೂಬಾರ್2000 ಪ್ಲೇಯರಿನ ಇಂಟೆಗ್ರಿಟಿ ಪರೀಕ್ಷೆ ತುಂಡಾದ ಫ್ರೇಮ್‌ಗಳನ್ನು ತೋರಿಸುತ್ತದೆ, ಮಿಕ್ಕಿದ್ದು ಕಿವಿಗೆ ಬಿಟ್ಟಿದ್ದು.

ಇಷ್ಟು ಕಡೆಯಿಂದ ತಂದಾಗ ಒಂದೇ ಹಾಡು ಮೂರು ಸಲ ಬಂದಿರುತ್ತದೆ. ಡ್ಯೂಪ್‌ಗುರು ಅನ್ನುವ ಸಾಫ್ಟ್‌ವೇರಿನ ಮ್ಯೂಸಿಕ್ ಮೋಡ್ ಹುಡುಕಿಕೊಡುತ್ತದೆ. 128 ಕೆಬಿಪಿಎಸ್ (ಹಾಡಿನ ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಅಳತೆ) ಬಿಟ್ಟು 320 ಇಟ್ಟುಕೊಳ್ಳಿ ಅನ್ನುವುದು ಸುಲಭ, ಆದರೆ ಯಾರೋ 128ನ್ನೇ ಉಬ್ಬಿಸಿ 320 ಮಾಡಿರುತ್ತಾರೆ. ಧ್ವನಿಯನ್ನು ಚಿತ್ರವಾಗಿ ತೋರಿಸುವ ಸ್ಪೆಕ್‌ನಲ್ಲಿ ತೆರೆದು ನೋಡಿ. 16 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕತ್ತರಿಸಿದ ಹಾಗೆ ಮೇಲೆಲ್ಲ ಕಪ್ಪಾಗಿದ್ದರೆ ಅನುಮಾನಪಡಿ.

ಪ್ಲೇಲಿಸ್ಟ್

ಎಂ3ಯು ಪ್ಲೇಲಿಸ್ಟ್ ಅಂದರೆ ಬರೀ ಪಠ್ಯ, ಸಾಲಿಗೊಂದು ಹಾಡಿನ ವಿಳಾಸ. ಹಾಡುಗಳು ಡಿ ಡ್ರೈವ್‌ನಿಂದ ಎಫ್‌ಗೆ ಹೋಗಿದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಒಂದೇ ಸಲಕ್ಕೆ ಬದಲಾಯಿಸಿ. ಅದಕ್ಕಿಂತ ಸುಲಭದ ದಾರಿ, ಹೊಸ ಡಿಸ್ಕಿಗೆ ಹಳೆಯ ಡ್ರೈವ್ ಅಕ್ಷರವನ್ನೇ ಕೊಟ್ಟು, ಹಳೆಯ ಫೋಲ್ಡರ್ ಹೆಸರನ್ನೇ ಇಡುವುದು. ಪ್ಲೇಯರಿಗೆ ಏನೋ ಆಗಿತ್ತು ಅಂತಲೇ ಗೊತ್ತಾಗುವುದಿಲ್ಲ. ಐಟ್ಯೂನ್ಸ್ ಆದರೆ ಶಿಫ್ಟ್ ಒತ್ತಿ ಹಿಡಿದು ತೆರೆಯಿರಿ, ಯಾವ ಲೈಬ್ರರಿ ಅಂತ ಕೇಳುತ್ತದೆ. ಮೊದಲೇ ಕಾಪಿ ಮಾಡಿಟ್ಟ ಲೈಬ್ರರಿ ಫೈಲ್ ತೋರಿಸಿ. ಯಾವ ಹಾಡು ಎಷ್ಟು ಸಲ ಕೇಳಿದ್ದೀರಿ ಅನ್ನುವ ಲೆಕ್ಕವೂ ಬರುತ್ತದೆ.

ಎಲ್ಲ ಸರಿಯಾದ ಮೇಲೆ ಪೂರ್ತಿ ಸಂಗ್ರಹವನ್ನು ಇನ್ನೊಂದು ಡಿಸ್ಕಿಗೆ ಹಾಕಿ, ಅದನ್ನು ಕಂಪ್ಯೂಟರಿನಿಂದ ಕಿತ್ತು ಬೇರೆ ಮನೆಯಲ್ಲಿಡಿ. ಹಳೆಯ ಡಿಸ್ಕನ್ನು ಬಿಸಾಡಲು ಅವಸರ ಬೇಡ, ಯಾವ ಹಾಡು ಕಾಣೆಯಾಗಿದೆ ಅಂತ ಗೊತ್ತಾಗುವುದು ಆರು ತಿಂಗಳಾದ ಮೇಲೆ, ಅದು ನೆನಪಾದ ದಿನ. ನನ್ನದು ಇನ್ನೂ ಡ್ರಾಯರ್‌ನಲ್ಲಿದೆ. ಮೇಲೊಂದು ಚೀಟಿ ಅಂಟಿಸಿದ್ದೇನೆ: "ಏನು ಕೇಳಿದರೂ ಬೇಡ ಅನ್ನು."